ಹತ್ತು ಹೆಜ್ಜೆಯಾಚೆಯ ಬಾವಿ

ಈ ಊರಿಗೆ ಬಂದ ಮೊದಲ ವರ್ಷ ನಾನು ಕಟ್ಟಿದ ಮನೆ ಓಬಜ್ಜಿಗೆ ಹೋಯಿತು.

ಅದು ಕಲ್ಲಿನ ಮನೆ. ನಾನೂ ನನ್ನ ಗಂಡ ಕದರಪ್ಪನೂ ಬುದ್ಧಿ ಬಂದಾಗಿನಿಂದ ಕಲ್ಲು ಒಡೆದವರು. ಒಂದು ಕ್ವಾರಿಯಿಂದ ಇನ್ನೊಂದು ಕ್ವಾರಿಗೆ, ಒಬ್ಬರ ನೆಲದಿಂದ ಇನ್ನೊಬ್ಬರ ನೆಲಕ್ಕೆ ತಗಡಿನ ಶೆಡ್ಡು ಹೊತ್ತುಕೊಂಡು ತಿರುಗಿದವರು. ಧೂಳು ಅವನ ಎದೆಗೆ ಇಳಿದು, ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಸಾಲದಂತಾಯಿತು. ಡಾಕ್ಟರು ಅವನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದರು: "ಇನ್ನೊಂದು ವರ್ಷ ಇವನನ್ನ ಕ್ವಾರಿಯಲ್ಲಿ ಇಟ್ಕೊಂಡ್ರೆ ಆಮೇಲೆ ನನ್ನ ಹತ್ರ ಕರ್ಕೊಂಡು ಬರೋ ಕೆಲಸ ಇರಲ್ಲ." ಬೋಳುಗುಡ್ಡದ ಸುತ್ತ ಒಂದು ಊರಿದೆ, ಅಲ್ಲಿ ಒಂದು ಮನೆಯವರು ಬಿಟ್ಟುಹೋದ ಜಾಗ ಖಾಲಿ ಬಿದ್ದಿದೆ, ಗೇಯುವವರು ಯಾರು ಬಂದರೂ ಇಟ್ಟುಕೊಳ್ಳುತ್ತಾರೆ ಎಂದು ಸಂತೆಯಲ್ಲಿ ಯಾರೋ ಅಂದದ್ದನ್ನೇ ನಂಬಿ ಹೊರಟು ಬಂದೆವು.

ಊರ ಯಜಮಾನರು ನಾಲ್ಕು ಬಾಂದುಕಲ್ಲು ತೋರಿಸಿದರು. "ಇಲ್ಲಿ ನೆಲ ಯಾರದ್ದೂ ಅಲ್ಲ ಕಣಮ್ಮ. ಕಲ್ಲೊಳಗೆ ಇರೋತನಕ ನಿಮ್ದು. ಕಲ್ಲು ನೋಡ್ಕೊಂಡು ಗೇಯ್ರಿ," ಅಂದರು. ಕಲ್ಲು ಕೀಳಬೇಡಿ ಅನ್ನುತ್ತಿದ್ದಾರೆ ಎಂದುಕೊಂಡೆವು. ಕಲ್ಲಿನ ಕೆಲಸದವರಿಗೆ ಅದನ್ನೂ ಹೇಳಿಕೊಡಬೇಕೆ?

ಗುಡ್ಡದ ಸುತ್ತ ಇಪ್ಪತ್ತನಾಲ್ಕು ಮನೆ, ಬಳೆಯ ಹಾಗೆ. ಒಂದೊಂದು ಮನೆಯ ಜಾಗ ಉದ್ದಕ್ಕೆ ನೂರಿಪ್ಪತ್ತು ಹೆಜ್ಜೆ. ಗುಡ್ಡವನ್ನು ಬಲಕ್ಕಿಟ್ಟುಕೊಂಡು ನಡೆದರೆ ಎದುರಾಗುವವರು ಮುಂದಿನ ಮನೆಯವರು, ಬೆನ್ನಿಗಿರುವವರು ಹಿಂದಿನವರು. ನಮ್ಮ ಹಿಂದೆ ಓಬಜ್ಜಿ, ಮೊಮ್ಮಗಳ ಜೊತೆ ಇದ್ದವಳು. ಮುಂದೆ ಚಿತ್ತಯ್ಯ. ನಮ್ಮ ಜಾಗದ ಹಿಂದಲ ಅಂಚಿನಲ್ಲಿ ಹಾಸುಬಂಡೆ ಮೇಲಕ್ಕೇ ಬಂದಿತ್ತು. ಪಾಯ ತೋಡುವ ಕೆಲಸವೇ ಇಲ್ಲ. ಓಬಜ್ಜಿಯ ಬಾವಿಯೂ ಹತ್ತಿರ. ಇನ್ನೇನು ಬೇಕು ಎಂದು ಅಲ್ಲೇ ದಾರ ಹಿಡಿದೆ.

ಈ ಊರಲ್ಲಿ ಕೂಲಿ ಇಲ್ಲ, ಮುಯ್ಯಿ. ಇವತ್ತು ನೀನು ನನ್ನ ಕೆಲಸಕ್ಕೆ ಬಂದರೆ ನಾಳೆ ನಾನು ನಿನ್ನ ಕೆಲಸಕ್ಕೆ. ಕರೆದವರು ಮಧ್ಯಾಹ್ನ ಮುದ್ದೆ ಹಾಕಬೇಕು, ಕರೆಸಿಕೊಂಡವರು ಇಲ್ಲ ಅನ್ನಬಾರದು. ಇಲ್ಲ ಅಂದವರ ಮನೆಗೆ ಹೆಣ ಎತ್ತುವುದಕ್ಕೂ ಯಾರೂ ಬರುವುದಿಲ್ಲ. ಮುಯ್ಯಿಗೆ ಬಂದವರೆಲ್ಲ ನಾನು ದಾರ ಹಿಡಿದ ಜಾಗ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಸಬರು ಅಂತ ಮರುಗುತ್ತಿದ್ದಾರೆ ಎಂದುಕೊಂಡೆ. ಚಿತ್ತಯ್ಯ ಮಾತ್ರ ಮುಖ ಗಂಟು ಹಾಕಿಕೊಂಡು, "ಇಲ್ಲೇ ಕಟ್ತೀಯಾ?" ಅಂದ.

"ಇಲ್ಲೇ ಚಿತ್ತಣ್ಣ. ಇದಕ್ಕಿಂತ ಒಳ್ಳೆ ಜಾಗ ಎಲ್ಲೈತೆ?"

ಅವನು ಪಕ್ಕಕ್ಕೆ ಉಗಿದು ಕಲ್ಲು ಎತ್ತಿದ. ಮೂರು ದಿನ ಎತ್ತಿದ. ಬಾಗಿಲ ಮೇಲಿನ ತೊಲೆಗಲ್ಲಿಗೆ ನಾನು ಎರಡು ತಾವರೆ ಕೆತ್ತಿದ್ದೆ. ಹತ್ತು ಹದಿನೈದು ವರ್ಷ ಬೇರೆಯವರ ಬಾಗಿಲಿಗೆ ಕೆತ್ತಿದ ಕೈ, ಒಂದು ಸಲ ನನ್ನ ಬಾಗಿಲಿಗೂ ಕೆತ್ತಲಿ ಅಂತ.

ಭರಣಿ ಮಳೆ ಒಂದು ಮಧ್ಯಾಹ್ನ ಬಂತು. ಚಾಚಿದ ಕೈ ಕಾಣದಷ್ಟು ಜೋರು. ಒಂದು ಗಳಿಗೆ ಹೊಯ್ದು ಕೊಯ್ದಂತೆ ನಿಂತಿತು. ಬಾಗಿಲು ತೆರೆದರೆ ಮನೆಯ ಹಿಂದಿರಬೇಕಾದ ಎರಡು ಬಾಂದುಕಲ್ಲು ಮನೆಯ ಮುಂದೆ ನಿಂತಿದ್ದವು, ಹೊಸ್ತಿಲಿನಿಂದ ಎರಡು ಮೊಳ ಆಚೆಗೆ, ಅಲ್ಲೇ ಹುಟ್ಟಿ ಬೆಳೆದವರ ಹಾಗೆ. ನಾನು ಇನ್ನೂ ಬಾಯಿ ಮುಚ್ಚಿರಲಿಲ್ಲ, ಓಬಜ್ಜಿ ತಲೆಯ ಮೇಲೆ ಗಂಟು ಹೊತ್ತು, ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಬಂದಳು. ಹಿಂದೆ ಮೊಮ್ಮಗಳು, ಕೈಯಲ್ಲಿ ಕೋಳಿ.

"ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೆ," ಅಂದಳು. "ಎಪ್ಪತ್ತು ಮಳೆ ಕಂಡಿದೀನಿ. ಮುಂದಿನೋರು ಬಿಟ್ಟಿದ್ದು ಬೂದಿಗುಂಡಿ, ಮುರುಕು ಗೋಡೆ. ಕಲ್ಲಿನ ಮನೆ ಕಟ್ಟಿಸಿ, ತಾವರೆ ಕೆತ್ತಿಸಿ ಕೊಟ್ಟೋರು ಯಾರೂ ಇಲ್ಲ. ಬಂದ ವರ್ಷಕ್ಕೇ!" ಅಂದವಳು ನನ್ನ ಕಾಲಿಗೆ ಬಗ್ಗುವುದಕ್ಕೆ ಬಂದಳು. ನಾನು ಹಿಡಿದು ಎತ್ತಿದೆ. ಅವಳ ಭುಜದ ಮೇಲಿಂದ ಕದರಪ್ಪನ ಮುಖ ಕಾಣುತ್ತಿತ್ತು. ಇಲಿ ಹಿಡಿಯಲು ಹೋಗಿ ಹಾವು ಹಿಡಿದವನ ಮುಖ.

ಶೆಡ್ಡಿನ ತಗಡು ಮತ್ತೆ ಬಿಚ್ಚಿ ಕಲ್ಲುಗಳ ಆಚೆ, ನಮ್ಮ ಪಾಲಿಗೆ ಉಳಿದ ನೆಲದಲ್ಲಿ ಹಾಕಿಕೊಂಡೆವು. "ಹೇಳ್ಬಿಡೋಣ, ನಮಗೆ ಗೊತ್ತಿರ್ಲಿಲ್ಲ ಅಂತ," ಅಂದ ಕದರಪ್ಪ.

"ಹೇಳಿದ್ರೆ ಮನೆ ವಾಪಸ್ ಬತ್ತೈತಾ?"

"ಇಲ್ಲ."

"ಮತ್ತೆ? ಮನೆಯಂತೂ ಹೋಯ್ತು, ಒಳ್ಳೆ ಹೆಸರಾದ್ರೂ ಉಳೀಲಿ. ಸುಮ್ನಿರು." ಹಾಗಂದು ನಾನು ಮೂರು ದಿನ ತಗಡಿನ ಹಿಂದೆ ಕೂತು ಅತ್ತೆ.

ನಾಲ್ಕನೆಯ ದಿನ ಅಳು ಮುಗಿಯಿತು, ಲೆಕ್ಕ ಶುರುವಾಯಿತು. ಕಲ್ಲು ಎಷ್ಟು ದೂರ ನಡೆದಿವೆ ಎಂದು ಅಳೆದೆ: ವರ್ಷಕ್ಕೆ ಒಂದು ಭರಣಿ ಮಳೆ, ಮಳೆಗೆ ಹತ್ತು ಹೆಜ್ಜೆ ಮುಂದಕ್ಕೆ. ಹಿಂದಲ ಪಟ್ಟಿ ಬಿಟ್ಟುಹೋಗುವುದು, ಮುಂದಲ ಪಟ್ಟಿ ಬಂದು ಸೇರುವುದು. ಹಾಗಾದರೆ ಇವತ್ತು ಮುಂದಲ ಅಂಚಿಗೆ ಬಂದ ನೆಲ ಹನ್ನೆರಡು ಮಳೆ ನನ್ನ ಕೈಯಲ್ಲಿರುತ್ತದೆ. ಹಲಸು ಎಂಟು ವರ್ಷಕ್ಕೆ ಕಾಯಿ ಕಚ್ಚಿದರೂ ನಾಲ್ಕು ವರ್ಷ ತಿನ್ನಬಹುದು. ಮನೆ, ಮರ, ಕಟ್ಟೆ ಎಲ್ಲ ಮುಂದಕ್ಕೆ. ನುಗ್ಗೆ, ಬಾಳೆ ನಡುವಿಗೆ. ಹಿಂದಲ ಅಂಚಿಗೆ ಮೂರು ತಿಂಗಳ ಅವರೆ, ಸೊಪ್ಪು. ಸ್ವಂತ ನೆಲ ಇದ್ದವರು ಎಲ್ಲಿ ಏನು ಬೇಕಾದರೂ ನೆಡುತ್ತಾರೆ. ಸ್ವಂತದ್ದಲ್ಲದ ನೆಲದಲ್ಲಿ ಇರುವವರಿಗೆ ನೆಲ ಎಷ್ಟು ದಿನದ್ದು ಅನ್ನುವುದು ಗೊತ್ತಾದರೆ ಅರ್ಧ ಬದುಕು ಆಯಿತು. ಕ್ವಾರಿಯಲ್ಲಿ ನಮಗೆ ಅದೊಂದು ಯಾರೂ ಹೇಳುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಜಾಗ ಖಾಲಿ ಮಾಡಿ ಅನ್ನುತ್ತಿದ್ದರು. ಇಲ್ಲಿನ ಕಲ್ಲುಗಳಿಗೆ ಅಷ್ಟಾದರೂ ಮರ್ಯಾದೆ ಇತ್ತು. ಎರಡನೆಯ ಮನೆಯನ್ನು ಮುಂದಲ ಅಂಚಿನಲ್ಲಿ ಕಟ್ಟಿದೆ. ಈ ಸಲ ಕಲ್ಲು ಕಡಿಯುವ ಶಕ್ತಿ ಇರಲಿಲ್ಲ, ಮಣ್ಣಿನದು.

ಎಲ್ಲ ಲೆಕ್ಕವೂ ಸರಿಹೋಯಿತು, ನೀರಿನದೊಂದು ಬಿಟ್ಟು. ನಮ್ಮ ಜಾಗ ಉದ್ದಕ್ಕೂ ಮೊಳ ತೋಡಿದರೆ ಹಾಸುಬಂಡೆ. ಓಬಜ್ಜಿಯ ಬಾವಿ ಈಗ ನೂರೈವತ್ತು ಹೆಜ್ಜೆ ದೂರ, ಅದೂ ಬೇಸಗೆಗೆ ತಳ ಕಾಣುತ್ತಿತ್ತು. ಎರಡು ಕೊಡ ಹೊತ್ತರೆ ಕದರಪ್ಪ ನಡುದಾರಿಯಲ್ಲೇ ಕೂತುಬಿಡುತ್ತಿದ್ದ. ನಾನೊಬ್ಬಳೇ ಹೊತ್ತು ಎಷ್ಟು ಗಿಡಕ್ಕೆ ಹಾಕಲಿ? ನೀರಿಲ್ಲದೆ ಹೋದರೆ ಇನ್ನೊಂದು ವರ್ಷಕ್ಕೆ ಮತ್ತೆ ಕ್ವಾರಿಯೇ ಗತಿ. ಕ್ವಾರಿ ಅಂದರೆ ಡಾಕ್ಟರು ಹೇಳಿದ್ದು.

ಆದರೆ ಚಿತ್ತಯ್ಯನ ಬಾವಿ ಇತ್ತು. ಐದಾಳು ಆಳ, ಕಟ್ಟು ಬಾವಿ, ಬೇಸಗೆಯಲ್ಲೂ ಎರಡಾಳು ನೀರು. ಅವನೇ ಹಿಂದೆ ತನ್ನ ಮುಂದಲ ಅಂಚಿನಲ್ಲಿ ತೋಡಿದ್ದು, ವರ್ಷ ವರ್ಷ ಹಿಂದೆ ಸರಿಯುತ್ತ ಸರಿಯುತ್ತ ಈಗ ಅವನ ಕೊನೆಯ ಪಟ್ಟಿಯಲ್ಲಿತ್ತು. ನನ್ನ ಹೊಸ ಮನೆಯ ಬಾಗಿಲಲ್ಲಿ ನಿಂತರೆ ರಾಟೆ ಕಾಣುತ್ತಿತ್ತು. ಬರುವ ಭರಣಿಗೆ ಅದು ನನ್ನದು. ನಾನು ದಿನಾ ಎದ್ದು ಅದರ ಮುಖ ನೋಡುತ್ತಿದ್ದೆ.

ಭರಣಿಗೆ ಇನ್ನು ಇಪ್ಪತ್ತು ದಿನ ಇದೆ ಅನ್ನುವಾಗ ಚಿತ್ತಯ್ಯ ಬೇಲಿಯ ಹತ್ತಿರ ಬಂದು ನಿಂತ.

"ಈರಕ್ಕ, ನಾಳೆಯಿಂದ ಮುಯ್ಯಿ. ಮೂರು ದಿನ ಬಾಕಿ ಐತೆ ನಿಂದು. ಮಂಕರಿ ತಗಂಡು ಬಾ."

"ಬತ್ತೀನಿ ಚಿತ್ತಣ್ಣ. ಏನು ಕೆಲಸ?"

"ಬಾವಿ ಹೂಳೋದು."

ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡದೆ, ರಾಟೆಯ ಕಡೆಗೆ ನೋಡಿಕೊಂಡೇ ಹೇಳಿದ: "ನಮ್ಮಪ್ಪನಿಗೆ ಮುಂದಿನೋರು ಬಾವಿ ಹೂತು ಕೊಟ್ರು. ನಮ್ಮವ್ವ ಒಂಬತ್ತು ವರ್ಷ ನೀರು ಹೊತ್ತು ಕತ್ತು ಬಗ್ಗೋಯ್ತು. ಸಾಯೋವಾಗಲೂ ನೆಟ್ಟಗಾಗಲಿಲ್ಲ, ಹಂಗೇ ಮಣ್ಣು ಮಾಡಿದ್ವಿ. ನಮಗೆ ಹೆಂಗೆ ಬಂತೋ ನಾನು ಹಂಗೇ ಬಿಡೋದು. ನಿನ್ನ ಮೇಲೆ ಸಿಟ್ಟಲ್ಲ."

"ಬಿಡೋ ಪಟ್ಟೀಲಿ ಏನು ಬೇಕಾದ್ರೂ ಮಾಡಬಹುದಾ?"

"ಕಲ್ಲು ನಡೆಯೋತನಕ ನಂದೇ."

ಅವನು ಹೋದ ಮೇಲೆ ಕದರಪ್ಪ ಹೊರಗೆ ಬಂದ. "ಹೋಗ್ಬೇಡ," ಅಂದ. ನಾನು, ಹೋಗದಿದ್ದರೆ ಊರಲ್ಲಿ ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ ಅಂದೆ. "ಹಂಗಂತ ನಿನ್ನ ಬಾವಿ ನೀನೇ ಹೂಳ್ತೀಯಾ?" ಅಂದ. ಮಂಕರಿಯ ಕಿತ್ತುಹೋದ ಅಂಚಿಗೆ ಹುರಿ ಸುತ್ತುತ್ತ ಕೂತೆ. ಕೈಗೆ ಕೆಲಸ ಇದ್ದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ಮಂಕರಿ ಎಷ್ಟು ಮಣ್ಣು ಹಿಡಿಯುತ್ತದೆ, ಐದಾಳು ಬಾವಿ ಎಷ್ಟು ಮಂಕರಿ ಹಿಡಿಯುತ್ತದೆ ಎಂದು ಎಣಿಸುತ್ತ ಹೋದವಳು ಹುರಿ ಬಿಟ್ಟು ನೆಟ್ಟಗೆ ಕೂತೆ.

ಮಾರನೆಯ ದಿನ ಹನ್ನೆರಡು ಜನ ಸೇರಿದ್ದೆವು. ಯಾರಿಗೂ ಮನಸ್ಸಿರಲಿಲ್ಲ. ಚಿತ್ತಯ್ಯನ ಹೆಂಡತಿ ಜುಂಜಮ್ಮ ಒಲೆ ಹೊತ್ತಿಸುತ್ತಿದ್ದವಳು ಎಲ್ಲರಿಗೂ ಕೇಳುವಂತೆ, "ಬನ್ರಪ್ಪ ಬನ್ನಿ, ಬಾವಿ ತಿಥಿ ಊಟಕ್ಕೆ," ಅಂದಳು. ಚಿತ್ತಯ್ಯ ಕೇಳಿಸಿಕೊಳ್ಳದವನಂತೆ ಬಾವಿಯ ಪಕ್ಕದ ನೆಲಕ್ಕೆ ಗುದ್ದಲಿ ಹಾಕಲು ಹೋದ.

"ಚಿತ್ತಣ್ಣ, ಮಣ್ಣು ಎಲ್ಲಿಂದ?" ಅಂದೆ.

"ಇಲ್ಲಿಂದಲೇ. ಹೆಂಗೂ ಬಿಡೋ ಪಟ್ಟಿ."

"ಇಲ್ಲಿ ಮೊಳಕ್ಕೆ ಬಂಡೆ. ಪಟ್ಟಿ ಪೂರಾ ಕೆರೆದ್ರೂ ಒಂದಾಳು ತುಂಬಲ್ಲ. ಅರ್ಧ ಹೂತ ಬಾವಿಗೆ ಹೂತ ಬಾವಿ ಅಂತಾರಾ? ಇನ್ನೊಂದು ಮಳೆಗೆ ನಾನು ಎತ್ತಿ ಹಾಕ್ಬಿಡ್ತೀನಿ."

ಅವನು ಗುದ್ದಲಿ ಊರಿ ನಿಂತ. "ಹೊಲದ್ದು ತಗೀತೀನಿ."

"ನಿನ್ನ ರಾಗಿ ಹೊಲದ ಮೇಲ್ಮಣ್ಣಾ? ಹನ್ನೊಂದು ವರ್ಷ ಗೊಬ್ಬರ ಹಾಕಿದ್ದು? ನನ್ನ ಬಾವಿ ಹೂಳೋಕೆ ನಿನ್ನ ಅನ್ನ ಹಾಕ್ತೀಯಾ? ಅಗಲಕ್ಕೆ ಕೆರೀಬೇಡ, ಒಂದೇ ಕಡೆ ಆಳಕ್ಕೆ ತಗಿ. ನಿನ್ನ ಮುಂದಲ ಅಂಚಲ್ಲಿ ಹುತ್ತ ಐತಲ್ಲ, ಅದರ ಪಕ್ಕ ಮೆತ್ತಗೈತೆ. ಗುಂಡಿ ಬಿದ್ರೆ ಬೀಳ್ತೈತೆ. ಗೊಬ್ಬರಕ್ಕಾದ್ರೂ ಆಗ್ತೈತೆ."

ಅಲ್ಲಿದ್ದವರಲ್ಲಿ ಒಬ್ಬಿಬ್ಬರು ಕೆಮ್ಮಿದರು. ಹುತ್ತ ಬೆಳೆದ ಕಡೆ ಕೆಳಗೆ ನೀರಿರುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಚಿತ್ತಯ್ಯನಿಗೂ ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಆದರೆ ಆವತ್ತು ಅವನ ತಲೆಯಲ್ಲಿ ಹೂಳುವುದೊಂದೇ ತುಂಬಿತ್ತು. "ಎಲ್ಲಿಂದಾದ್ರೂ ತಗೀರಿ, ಹೂಳಿದ್ರೆ ಸೈ," ಅಂದ.

ಮಣ್ಣೆಲ್ಲ ಹೊತ್ತು ತಂದು ಮೊದಲು ಬಾವಿಯ ದಡಕ್ಕೆ ಗುಡ್ಡೆ ಹಾಕೋಣ, ಸಾಕಾಗುವಷ್ಟು ಆದ ಮೇಲೆ ಒಂದೇ ದಿನ ತಳ್ಳಿಬಿಡೋಣ ಅಂದದ್ದೂ ನಾನೇ. ನನ್ನ ಬಾಕಿಯ ಮೂರು ದಿನ ಮುಗಿಯಿತು. ನಾಲ್ಕನೆಯ ದಿನವೂ ಹೋದೆ. "ಬಾಕಿ ತೀರ್ತಲ್ಲ," ಅಂದ ಅವನು. "ಇದು ನಂದೇ ಬಾವಿಯ ಮಣ್ಣು, ಬಿಟ್ಟಿ ಹೊರ್ತೀನಿ ಬಿಡು," ಅಂದೆ. ಹುತ್ತದ ಪಕ್ಕದ ಗುಂಡಿ ಇಳಿಯುತ್ತ ಹೋಯಿತು. ಮೊದಲು ಸೊಂಟದುದ್ದ, ಆಮೇಲೆ ಏಣಿ ಬೇಕಾಯಿತು, ಆಮೇಲೆ ಹಗ್ಗ. ಗುಂಡಿಯೊಳಗೆ ಇಳಿದು ತೋಡುತ್ತಿದ್ದವನು ಚಿತ್ತಯ್ಯನೇ, ಅವನಷ್ಟು ಚೆನ್ನಾಗಿ ತೋಡುವವರು ಬೇರೆ ಯಾರಿದ್ದರು? ಹಗ್ಗ ಎಳೆಯುತ್ತಿದ್ದವಳು ನಾನು. ಮುದ್ದೆ ಉಣ್ಣುವಾಗ ಜುಂಜಮ್ಮ ನನ್ನ ತಟ್ಟೆಗೆ ಎರಡು ಸಲ ಸಾರು ಬಿಟ್ಟಳು. "ಇವನೋ, ಇನ್ಮೇಲೆ ಬಾವಿನೇ ತೋಡಲ್ವಂತೆ. ಮುಂದಿನ ಮನೆಯಿಂದ ನೀರು ತರೋದಂತೆ," ಅಂದಳು.

"ತೋಡಿದ್ರೆ ತಾನೆ ಇನ್ನೊಬ್ರಿಗೆ ಬಿಡೋದು," ಅಂದ ಚಿತ್ತಯ್ಯ, ತಟ್ಟೆಯಿಂದ ತಲೆ ಎತ್ತದೆ.

"ಹೊರೋಳು ನಾನು ತಾನೆ? ನಿಮ್ಮವ್ವನ ಕತ್ತು ನೋಡಿ ಅತ್ತೋನು, ನನ್ನ ಕತ್ತಿಗೆ ಏನು ಮಾಡ್ತೀಯ?"

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದು ಗುಂಡಿಯ ಕಡೆಗೆ ನಡೆದ.

ಒಂಬತ್ತನೆಯ ದಿನ ಮೇಲೆ ಬಂದ ಮಂಕರಿ ಭಾರವಾಗಿತ್ತು. ಮಣ್ಣು ಹಿಂಡಿದರೆ ಬೆರಳ ಸಂದಿಯಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಗುಂಡಿಯ ತಳದಿಂದ ಚಿತ್ತಯ್ಯನ ದನಿ ಬಂತು, ಏನಂದ ಎಂದು ಯಾರಿಗೂ ತಿಳಿಯಲಿಲ್ಲ. ಎಳೆದು ಮೇಲೆ ತಂದರೆ ಮೊಣಕಾಲ ತನಕ ಒದ್ದೆ. ಜುಂಜಮ್ಮ ಒಲೆ ಬಿಟ್ಟು ಓಡಿ ಬಂದು ಕೊಡ ಇಳಿಸಿ, ಸೇದಿದ ಕೆಸರು ನೀರನ್ನೇ ಬೊಗಸೆಯಲ್ಲಿ ಹಿಡಿದು ಕುಡಿದು, ಉಳಿದದ್ದನ್ನು ಗಂಡನ ತಲೆಗೆ ಸುರಿದಳು. ಎಲ್ಲರೂ ಕೂಗಿದರು. ಯಾರೋ ಶಿಳ್ಳೆ ಹಾಕಿದರು.

ಚಿತ್ತಯ್ಯ ನಗಲಿಲ್ಲ. ಮಂಕರಿ ತೆಗೆದುಕೊಂಡು ಹಳೆ ಬಾವಿಯ ಕಡೆಗೆ ನಡೆದ. ನಾನು ಹಿಂದೆಯೇ ಹೋದೆ. ಅವನು ಗುಡ್ಡೆಯಿಂದ ಮಂಕರಿ ತುಂಬಿ, ಬಾವಿಯ ಕಟ್ಟೆಗೆ ಕಾಲು ಕೊಟ್ಟು ನಿಂತ. ಕೆಳಗೆ ನೀರಿನಲ್ಲಿ ಅವನ ತಲೆ, ನನ್ನ ತಲೆ ಎರಡೂ ಕಾಣುತ್ತಿದ್ದವು.

"ನೀನು ಹುತ್ತದ ಹತ್ರ ತೋಡ್ಸಿದ್ದು ಯಾಕೆ ಅಂತ ನನಗೆ ಗೊತ್ತಿಲ್ಲ ಅನ್ಕೋಬೇಡ," ಅಂದ. "ಒಂದು ವರ್ಷದಿಂದ ಕೇಳ್ತಿದೀನಿ. ಈರಕ್ಕನ್ನ ನೋಡು, ಈರಕ್ಕನ್ನ ನೋಡು. ಬಂದ ವರ್ಷ ಮನೆನೇ ಕೊಟ್ಲು, ನೀನು ಮರ ಕಡಿದು ಬೊಡ್ಡೆ ಸುಟ್ಟು ಬಿಡ್ತೀಯ ಅಂತಾರೆ. ನನ್ನ ಹೆಂಡ್ತಿ, ಯಜಮಾನ, ಆ ಮುದುಕಿ, ಎಲ್ಲಾರೂ. ಅಂಥ ಮನಸ್ಸು ನನಗಿಲ್ಲ ಈರಕ್ಕ. ನನಗೆ ಯಾರೂ ಕೊಟ್ಟಿಲ್ಲ. ಇಲ್ಲದ್ದನ್ನ ಎಲ್ಲಿಂದ ತರ್ಲಿ?"

ಮಂಕರಿ ವಾಲಿತು. ಒಂದು ಹೆಂಟೆ ಜಾರಿ ನೀರಿಗೆ ಬಿತ್ತು. ಒಳ್ಳೆಯ ಹೆಸರನ್ನು ಇಟ್ಟುಕೊಂಡು ಬಾವಿ ಕಳೆದುಕೊಳ್ಳುವುದೋ, ಹೆಸರು ಕಳೆದು ಬಾವಿ ಉಳಿಸಿಕೊಳ್ಳುವುದೋ? ಹೆಸರನ್ನು ಗಿಡಕ್ಕೆ ಹಾಕಲಾಗುವುದಿಲ್ಲ.

"ಚಿತ್ತಣ್ಣ," ಅಂದೆ, "ಆ ಮನೆ ನಾನು ಕೊಡ್ಲಿಲ್ಲ."

"ಅಂದ್ರೆ?"

"ಕಲ್ಲು ನಡೀತವೆ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಯಾರೂ ಹೇಳ್ಲಿಲ್ಲ. ಬಂಡೆ ಐತೆ, ಪಾಯ ಉಳೀತೈತೆ ಅಂತ ಅಲ್ಲಿ ಕಟ್ಟಿದೆ."

ಅವನು ಮಂಕರಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. "ಮತ್ತೆ ಆ ತಾವರೆ?"

"ನನ್ನ ಮನೆಗೆ ಅಂತ ಕೆತ್ತಿದೆ ಕಣೋ!"

"ಓಬಜ್ಜಿ ಬಂದಾಗ..."

"ಏನಂತ ಹೇಳ್ಲಿ? ಅರಿಶಿನ ಕುಂಕುಮ ಬೇರೆ ತಂದಿದ್ಲು. ಮೂರು ದಿನ ಅತ್ತಿದೀನಿ. ತಗಡಿನ ಹಿಂದೆ. ನನ್ನ ಗಂಡನ್ನ ಕೇಳು."

ಚಿತ್ತಯ್ಯನ ಮುಖದಲ್ಲಿ ಏನೋ ಸಡಿಲಾಯಿತು. ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಹೊಟ್ಟೆ ಅಲ್ಲಾಡಿತು. ಮಂಕರಿ ಕೈಬಿಟ್ಟು ಕಟ್ಟೆಯ ಈಚೆಗೆ ಬಿತ್ತು. ಅವನು ಮಣ್ಣಿನ ಗುಡ್ಡೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಮೂರು ದಿನ ತೊಲೆಗಲ್ಲು ಎತ್ತಿದೀನಿ," ಅಂದ, ಉಸಿರು ಸಿಕ್ಕಾಗ. "ಎಂಥ ಪುಣ್ಯಾತ್ಗಿತ್ತಿ ಅಂತ ಸಿಟ್ಟಲ್ಲಿ ನನ್ನ ಸೊಂಟ ಉಳುಕಿತ್ತು!" ನನಗೂ ನಗು ಬಂತು. ಒಂದು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡಿದ್ದೆ. ಹೇಳಿದ ಮೇಲೆ ಎಷ್ಟು ಹಗುರ.

"ಏನದು ಅಲ್ಲಿ?" ಅಂತ ದೂರದಿಂದ ಜುಂಜಮ್ಮ ಕೂಗಿದಳು.

"ಏನಿಲ್ಲ," ಅಂತ ಕೂಗಿದ ಚಿತ್ತಯ್ಯ. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಬಾವಿಯೊಳಕ್ಕೆ ಒಂದು ಸಲ ಬಗ್ಗಿ ನೋಡಿ, ಗುಡ್ಡೆಯನ್ನು ಕಾಲಲ್ಲಿ ತಟ್ಟಿದ. "ಇಷ್ಟು ಮಣ್ಣು ಏನು ಮಾಡೋದು ಈಗ?"

"ಬಂಡೆ ಮೇಲೆ ಹರಡು. ಹೆಂಗೂ ಬಿಡೋ ಪಟ್ಟಿ."

"ಬಾವಿನೂ ನಿಂಗೆ, ಮಣ್ಣೂ ನಿಂಗೆ," ಅಂದ. ಆದರೆ ಗುದ್ದಲಿ ತೆಗೆದುಕೊಂಡು ಹರಡುವುದಕ್ಕೆ ಶುರು ಮಾಡಿದ.

ಭರಣಿ ಬಂತು, ಕಲ್ಲು ನಡೆದವು. ಬಾವಿ ನನ್ನ ಬಾಂದಿನೊಳಗೆ ಬಂದಾಗ ಅದರ ಸುತ್ತ ಮಂಡಿಮಟ್ಟ ಹೊಸ ಮಣ್ಣಿತ್ತು, ರಾಟೆಗೆ ಹೊಸ ಹಗ್ಗ ಇತ್ತು. ಹಗ್ಗದ ಗಂಟು ಚಿತ್ತಯ್ಯ ಹಾಕಿದ್ದೇ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಆ ಮಣ್ಣಿನಲ್ಲೇ ಎರಡು ಹಲಸು ನೆಟ್ಟೆ.

ಇದೆಲ್ಲ ಆಗಿ ಹನ್ನೊಂದು ವರ್ಷ. ಕದರಪ್ಪ ಇದ್ದಾನೆ. ಐದನೆಯ ಮಾತೂ ಆಡುತ್ತಾನೆ, ಬೇಕಿಲ್ಲದ ಆರನೆಯದನ್ನೂ ಆಡುತ್ತಾನೆ. ಹಲಸು ಮೂರು ವರ್ಷದಿಂದ ಕಾಯಿ ಬಿಡುತ್ತಿದೆ. ಹೊಸಬರು ಯಾರಾದರೂ ಊರಿಗೆ ಬಂದರೆ ಯಜಮಾನರಿಗಿಂತ ಮೊದಲು ನಾನು ಹೋಗಿ ಪಾಯ ಎಲ್ಲಿ ಹಾಕಬೇಕೆಂದು ತೋರಿಸಿ ಬರುತ್ತೇನೆ. ಓಬಜ್ಜಿ ಹೋಗಿ ನಾಲ್ಕು ವರ್ಷವಾಯಿತು, ತಾವರೆಯ ತೊಲೆಗಲ್ಲಿನ ಕೆಳಗೇ ಕಣ್ಣು ಮುಚ್ಚಿದಳು. ಈಗ ಅಲ್ಲಿ ಅವಳ ಮೊಮ್ಮಗಳು, ಕೈಗೂಸಿನ ತಾಯಿ. ಈ ಭರಣಿಗೆ ಆ ಕಲ್ಲಿನ ಮನೆ ಅವಳ ಹಿಂದಿನವರಿಗೆ ಹೋಗುತ್ತದೆ, ನನ್ನ ಮಣ್ಣಿನ ಮನೆ ಅವಳಿಗೆ ಬರುತ್ತದೆ. ಅದೇ ಮಳೆಗೆ ಹುತ್ತದ ಪಕ್ಕದ ಬಾವಿ ನನಗೆ. ಚಿತ್ತಯ್ಯ ಹೋದ ವರ್ಷವೇ ತನ್ನ ಮುಂದಲ ಅಂಚಿನಲ್ಲಿ ಮೂರನೆಯದನ್ನು ತೋಡಿಕೊಂಡ.

ಮೊನ್ನೆ ಹುಡುಗಿ ಬಂದು ನನ್ನ ಮನೆಯನ್ನು ಒಳಗೆ ಹೊರಗೆ ನೋಡಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡಳು. ಕಲ್ಲಿನ ಮನೆಯಿಂದ ಬರುವವಳು. ಮಾಡಿನ ಮೂಲೆ ಸೋರುತ್ತಿತ್ತು, ಎರಡು ತೊಲೆಗೆ ಗೆದ್ದಲು ಹಿಡಿದಿತ್ತು. ನಿನ್ನೆ ಬೆಳಗ್ಗೆ ಏಣಿ ಹಾಕಿ ಹತ್ತಿದೆ. ಕದರಪ್ಪ ಕೆಳಗಿನಿಂದ ಬಿದಿರು ಕೊಡುತ್ತಿದ್ದ. ಗೆದ್ದಲು ತಿಂದ ತೊಲೆ ಕಿತ್ತು ಹೊಸದು ಕೂರಿಸಿ, ಜೊಂಡು ಹೊದಿಸುತ್ತಿದ್ದೆ. ಇನ್ನು ಎಂಟೋ ಹತ್ತೋ ದಿನ ನನ್ನದಾಗಿರುವ ಮನೆ.

ಚಿತ್ತಯ್ಯ ತನ್ನ ಬೇಲಿಯ ಹತ್ತಿರ ಬಂದು, ಕೈಯನ್ನು ಕಣ್ಣಿಗೆ ಮರೆ ಮಾಡಿಕೊಂಡು ಮೇಲೆ ನೋಡಿದ.

"ಏನ್ ಈರಕ್ಕ, ಈ ಸಲ ಆದ್ರೂ ಗೊತ್ತೈತಾ ಕಲ್ಲು ನಡೀತವೆ ಅಂತ?"

"ಗೊತ್ತೈತೆ ಕಣೋ ಚಿತ್ತಣ್ಣ."

"ಗೊತ್ತಿದ್ದೂ?"

"ಗೊತ್ತಿದ್ದೇ," ಅಂದೆ. "ಸುಮ್ನೆ ನಿಂತ್ಕಬೇಡ, ಏಣಿ ಹಿಡಿ."

ಅವನು ಬೇಲಿ ದಾಟಿ ಬಂದು ಏಣಿ ಹಿಡಿದ.